ಎಟಿವಿ ಎಂಜಿನ್ ಕೂಗುತ್ತೆ, ದಿಣ್ಣೆ ಹತ್ತಲ್ಲ: ಕ್ಲಚ್ ಬಿಚ್ಚಿಸೋ ಮೊದಲು ಇಷ್ಟು ನೋಡಿ

ಸರ್, ನಿಮ್ಮದು ಸೆಕೆಂಡ್ ಹ್ಯಾಂಡ್ 110 ಸಿಸಿ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸೋ ನಾಲ್ಕು ಚಕ್ರದ ಗಾಡಿ), ಮೂರು ಗೇರ್, ಒಂದು ರಿವರ್ಸ್, ಕೈಯಲ್ಲಿ ಕ್ಲಚ್ ಇಲ್ಲ. ದಿಣ್ಣೆಯಲ್ಲಿ ರೇಸ್ ಕೊಟ್ಟರೆ ಎಂಜಿನ್ ಕೂಗುತ್ತೆ, ಗಾಡಿ ಹತ್ತಲ್ಲ. ಗೇರ್ ಹಾಕಿದ ಕೂಡಲೇ ಧಡ್ ಅಂತ ಮುಂದಕ್ಕೆ ಎಗರುತ್ತೆ. ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಹೋಗಿದೆ ಅಂದಿದ್ದಾರೆ, ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಒಂದು ಸಂಜೆ ನೀವೇ ಗಾಡಿ ಜೊತೆ ಕೂತು ನೋಡಿ.

ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದಲ್ಲಿ ಇದೇ ತರಹದ ಗಾಡಿ ಇದೆ. ಎರಡನೇ ಮಳೆಗಾಲದಲ್ಲಿ ನನಗೂ ಇದೇ ಆಯಿತು. ಹಿಂದೆ ಒಂದು ಮೂಟೆ ಗೊಬ್ಬರ ಹಾಕಿಕೊಂಡು ಸಿಲ್ವರ್ ಮರದ ತಿರುವು ಹತ್ತಿಸುವಾಗ ಎಂಜಿನ್ ಅರಚಿತು, ಗಾಡಿ ನಿಂತಲ್ಲೇ ನಿಂತಿತು, ಸುಟ್ಟ ವಾಸನೆ ಬಂತು. ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿ ಹೊಸ ಪ್ಲೇಟ್ ಹಾಕಿಸಿದೆ. ಮೂರನೇ ದಿನ ಮತ್ತೆ ಅದೇ ತಿರುವು, ಅದೇ ಕಥೆ. ಕೊನೆಗೆ ಹಿಂದೆ ಹೀರೋ ಹೋಂಡಾ ಸ್ಟ್ರೀಟ್ ಅನ್ನೋ, ಕೈಯಲ್ಲಿ ಕ್ಲಚ್ ಇಲ್ಲದ ಬೈಕ್‌ಗಳನ್ನು ರಿಪೇರಿ ಮಾಡುತ್ತಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮನೆಗೆ ಬಂದರು. ಗಾಡಿ ಮುಟ್ಟಲೇ ಇಲ್ಲ, "ಯಾವ ಆಯಿಲ್ ಹಾಕಿದ್ದೀರಿ, ಡಬ್ಬಿ ತನ್ನಿ" ಅಂದರು. ಕಾರಿನ ಸರ್ವಿಸ್‌ನಲ್ಲಿ ಉಳಿದಿದ್ದ ಆಯಿಲ್ ಅದು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಹಾಳಾಗೋದು ಇಲ್ಲೇ. ಈ ಎಂಜಿನ್‌ಗಳು ಬಹುಪಾಲು 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್ ಎಂಜಿನ್ನಿನ ಜಾಡಿನವು. ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ನೆನೆದುಕೊಂಡು ಕೆಲಸ ಮಾಡುತ್ತೆ. ಕಾರಿನ ಆಯಿಲ್‌ನಲ್ಲಿ ಮೈಲೇಜ್‌ಗೋಸ್ಕರ ಜಾರಿಕೆ ಜಾಸ್ತಿ ಮಾಡೋ ಪದಾರ್ಥ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದೇ, ನಮ್ಮ ಪ್ಲೇಟ್‌ಗೆ ಮಾತ್ರ ಶತ್ರು. ಡಬ್ಬಿ ಹಿಂದೆ ಸಣ್ಣ ಚೌಕದಲ್ಲಿ ಜಾಸೊ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಎಂಬಿ ಅಂತ ಇದ್ದರೆ ಅದು ಗೇರ್‌ಲೆಸ್ ಸ್ಕೂಟರ್‌ಗೆ, ಅದರ ಕ್ಲಚ್ ಆಯಿಲ್‌ನಲ್ಲಿ ಇರೋದಿಲ್ಲ, ಹಾಗಾಗಿ ನಿಮಗೆ ಬೇಡ. ಹಳೆ ಗಾಡಿ ತಗೊಂಡವರಿಗೆ ಒಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು ಹೇಳಿ? ಸುಮ್ನೆ ಯೋಚನೆ ಮಾಡದೆ ಎಂಜಿನ್ ಬಿಸಿ ಇರುವಾಗ ಪೂರ್ತಿ ಇಳಿಸಿ, ಸರಿಯಾದ್ದು ಹಾಕಿ. ಎಷ್ಟು ಅಂತ ಎಂಜಿನ್ ಮೇಲೋ ಮ್ಯಾನುವಲ್‌ನಲ್ಲೋ ಇರುತ್ತೆ. ನಾನು ಸ್ವಲ್ಪ ದಿನ ಓಡಿಸಿ ಇನ್ನೊಂದು ಸಲ ಬದಲಾಯಿಸಿದೆ, ಆಮೇಲೆ ಅವೇ ಪ್ಲೇಟ್‌ಗಳು ಸರಿಯಾಗಿ ಹಿಡಿದವು.

ಇಳಿಸಿದ ಆಯಿಲ್ ಚೆಲ್ಲಬೇಡಿ. ಬಿಳಿ ತಟ್ಟೆಗೆ ಸ್ವಲ್ಪ ಹಾಕಿ, ಹಳೆ ಸ್ಪೀಕರ್ ಮ್ಯಾಗ್ನೆಟ್ ಆಡಿಸಿ. ವಿಭೂತಿ ತರಹ ಬೂದು ಪುಡಿ ಅಂಟಿದರೆ ಚಿಂತೆ ಇಲ್ಲ. ಉಗುರಿಗೆ ಚುಚ್ಚುವ ಹಾಗೆ ಚೂಪು ಚೂರು ಸಿಕ್ಕರೆ ಗೇರ್ ಹಲ್ಲಿನ ವಿಷಯ, ಆಮೇಲೆ ಓಡಿಸಲೇಬೇಡಿ.

ಆಯಿಲ್ ಆದ ಮೇಲೂ ಎಳೆಯದಿದ್ದರೆ ಮೊದಲು ಎಡಗೈ ಬ್ರೇಕ್‌ನ ಪಾರ್ಕಿಂಗ್ ಲಾಕ್ ಪೂರ್ತಿ ಬಿಟ್ಟಿದೆಯಾ, ಹಿಂದಿನ ಡಿಸ್ಕ್ ಕಚ್ಚಿಕೊಂಡಿದೆಯಾ ನೋಡಿ. ನ್ಯೂಟ್ರಲ್‌ನಲ್ಲಿ ಒಬ್ಬರೇ ತಳ್ಳಿದರೆ ಸಲೀಸಾಗಿ ಹೋಗಬೇಕು. ಆಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದೆ ಯಾರೂ ಇರಬಾರದು, ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಫಸ್ಟ್ ಗೇರ್‌ನಲ್ಲಿ ಎರಡೇ ಸೆಕೆಂಡ್ ಸ್ವಲ್ಪ ರೇಸ್ ಕೊಡಿ, ಇನ್ನೊಬ್ಬರು ಪಕ್ಕದಿಂದ ಎಂಜಿನ್ ಹತ್ತಿರದ ಚಿಕ್ಕ ಸ್ಪ್ರಾಕೆಟ್, ಅಂದರೆ ಚೈನ್ ಕೂರೋ ಹಲ್ಲಿನ ಚಕ್ರ, ನೋಡಲಿ (ಪಂಚೆ, ಟವೆಲ್, ಬೆರಳು ಯಾವುದೂ ಚೈನ್ ಹತ್ತಿರ ಹೋಗಬಾರದು). ಎಂಜಿನ್ ಜೋರಾಗಿ ಕೂಗಿದರೂ ಸ್ಪ್ರಾಕೆಟ್ ಅಲ್ಲಾಡದಿದ್ದರೆ ಜಾರುತ್ತಿರೋದು ಒಳಗೆ, ಕ್ಲಚ್‌ನಲ್ಲಿ. ಸ್ಪ್ರಾಕೆಟ್ ತಿರುಗಿ ಹಿಂದಿನ ಆಕ್ಸಲ್ ತಿರುಗದಿದ್ದರೆ ಹಬ್‌ನ ಹಲ್ಲು ಸವೆದಿದೆ ಅಥವಾ ಚೈನ್ ಹಾರುತ್ತಿದೆ. ಆಗ ಎಂಜಿನ್ ಬಿಚ್ಚೋ ಮಾತೇ ಇಲ್ಲ.

ಈಗ ಧಡ್ ಅನ್ನೋದು. ನಿಮ್ಮ ತರಹದ ತುಂಬಾ ಎಂಜಿನ್‌ಗಳಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು ಕ್ರ್ಯಾಂಕ್ (ಎಂಜಿನ್ನಿನ ತಿರುಗೋ ಮುಖ್ಯ ಶಾಫ್ಟ್) ಮೇಲೆ, ರೇಸ್ ಏರಿದ ಹಾಗೆ ಅದರ ಶೂ ಹೊರಗೆ ಹರಡಿ ಡ್ರಮ್ ಹಿಡಿಯುತ್ತೆ. ಇನ್ನೊಂದು ಪ್ಲೇಟಿನದು, ಗೇರ್ ಲಿವರ್ ಒತ್ತಿದಾಗ ಬಿಡುತ್ತೆ, ಬಿಟ್ಟಾಗ ಹಿಡಿಯುತ್ತೆ. ಐಡ್ಲಿಂಗ್, ಅಂದರೆ ರೇಸ್ ಕೊಡದಿರುವಾಗಿನ ಎಂಜಿನ್ ವೇಗ, ಜಾಸ್ತಿ ಇದ್ದರೆ ನಿಂತಾಗಲೂ ಶೂ ಹಿಡಿದೇ ಇರುತ್ತೆ, ಗೇರ್ ಹಾಕಿದರೆ ಎಗರದೆ ಇನ್ನೇನು ಮಾಡುತ್ತೆ? ಚೋಕ್ ಆಫ್ ಆಗಿದೆಯಾ, ಆಕ್ಸಲರೇಟರ್ ಕೇಬಲ್ ಬಿಗಿಯಾಗಿರದೆ ಸ್ವಲ್ಪ ಸಡಿಲ ಇದೆಯಾ ನೋಡಿ. ಎಂಜಿನ್ ಬಿಸಿಯಾದ ಮೇಲೆ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಇಳಿಸಿ.

ಆಮೇಲೂ ನಿಂತಲ್ಲೇ ತೆವಳಿದರೆ ಗೇರ್ ಲಿವರ್ ಒತ್ತಿ ಹಿಡಿದುಕೊಳ್ಳಿ. ತೆವಳೋದು ನಿಂತರೆ ಪ್ಲೇಟ್ ಕ್ಲಚ್ ಸರಿಯಾಗಿ ಬಿಡುತ್ತಿದೆ, ತೊಂದರೆ ಶೂ ಕಡೆ. ನಿಲ್ಲದಿದ್ದರೆ ಅಡ್ಜಸ್ಟ್‌ಮೆಂಟ್ ನೋಡಿ. ಬಲಗಡೆ ಕವರ್ ಮೇಲೆ ಒಂದು ಲಾಕ್ ನಟ್, ಅದರ ನಡುವೆ ಸ್ಕ್ರೂ ಇರುತ್ತೆ. ಬಿಚ್ಚೋ ಮೊದಲು ಸ್ಕ್ರೂ ಎಲ್ಲಿದೆ ಅಂತ ಪೇಂಟ್ ಗುರುತು ಹಾಕಿ. ನಟ್ ಸಡಿಲ ಮಾಡಿ, ಸ್ಕ್ರೂ ಮೆಲ್ಲಗೆ ತಿರುಗಿಸಿ. ಬೆರಳಿಗೆ ತಡೆ ಸಿಕ್ಕ ಜಾಗದಿಂದ ಎಂಟನೇ ಒಂದು ಸುತ್ತು ಹಿಂದಕ್ಕೆ ತಂದು ನಟ್ ಬಿಗಿ ಮಾಡಿ. ತಡೆ ಯಾವ ದಿಕ್ಕಿಗೆ ಸಿಗುತ್ತೆ ಅನ್ನೋದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಬಲವಂತ ಬೇಡವೇ ಬೇಡ. ಸ್ವಲ್ಪವೂ ಸಡಿಲ ಬಿಡದೆ ಬಿಗಿ ಮಾಡಿದರೆ ಪ್ಲೇಟ್ ಅರ್ಧ ಬಿಟ್ಟುಕೊಂಡೇ ಇರುತ್ತೆ, ದಿಣ್ಣೆಯಲ್ಲಿ ಜಾರುತ್ತೆ. ನಿಮ್ಮ ಎರಡು ತೊಂದರೆಯಲ್ಲಿ ಒಂದಕ್ಕೆ ಹಿಂದಿನವರು ಈ ಸ್ಕ್ರೂ ಕೆಡಿಸಿಟ್ಟಿದ್ದೇ ಕಾರಣ ಆಗಿರಬಹುದು.

ಇಷ್ಟೆಲ್ಲಾ ಆಗಿಯೂ ಜಾರಿದರೆ ಕವರ್ ಬಿಚ್ಚಿಸಿ, ಆದರೆ ನೀವು ಪಕ್ಕದಲ್ಲೇ ಇರಿ. ಕ್ರ್ಯಾಂಕ್ ಮೇಲೆ ನಾಲ್ಕು ಕಚ್ಚಿನ ನಟ್ ಇದ್ದರೆ ಅದಕ್ಕೆ ಬೇರೆಯೇ ಸಾಕೆಟ್ ಬೇಕು. ಉಳಿ ಸುತ್ತಿಗೆ ಹಿಡಿದರೆ ತಡೆಯಿರಿ. ಸ್ಟೀಲ್ ಪ್ಲೇಟ್ ನೀಲಿಯಾಗಿದ್ದರೆ ಸುಟ್ಟಿದೆ ಅಂತ ಅರ್ಥ. ಶೂ ಲೈನಿಂಗ್ ಕನ್ನಡಿ ಹಾಗೆ ಹೊಳೆದರೆ ಅದೂ ಹೋಗಿದೆ. ಹೊಸ ಪ್ಲೇಟ್‌ಗಳನ್ನು ಹಾಕೋ ಮೊದಲು ರಾತ್ರಿಯಿಡೀ ಅದೇ ಆಯಿಲ್‌ನಲ್ಲಿ ನೆನೆಸಿಡಿ, ಒಣ ಪ್ಲೇಟ್ ಮೊದಲ ಏರಿನಲ್ಲೇ ಸುಡುತ್ತೆ. ಕವರ್ ಸಂದಿಗೆ ಹಾಕೋ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ.

ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತಾ ಅಂತ ನೀವು ಬರೆದಿಲ್ಲ. ಹಾರುತ್ತಿದ್ದರೆ ಅದು ಕ್ಲಚ್ ಅಲ್ಲ, ಒಳಗೆ ಗೇರ್ ಸರಿಸೋ ಫೋರ್ಕ್ ಅಥವಾ ಗೇರ್ ಸವೆತ. ಅದನ್ನೂ, ಚಿಕ್ಕ ಸ್ಪ್ರಾಕೆಟ್ ತಿರುಗಿತಾ ಅನ್ನೋದನ್ನೂ ಇಲ್ಲೇ ಬರೆಯಿರಿ. ಆಯಿಲ್ ಡಬ್ಬಿಯ ಹಿಂಭಾಗದ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.