ಪಾರ್ಕ್‌ಗೆ ಬಿಟ್ಟ ಜಾಗದಲ್ಲಿ ಪುರಸಭೆ ಸಮುದಾಯ ಭವನ ಕಟ್ಟಬಹುದಾ?

ಸಾಮಾನ್ಯ ಸಭೆಯಲ್ಲಿ ಕೈ ಎತ್ತಿ ಠರಾವು ಪಾಸು ಮಾಡಿದ ಮಾತ್ರಕ್ಕೆ ಆಗಲ್ಲ. ಮೊದಲು ಮಾಸ್ಟರ್ ಪ್ಲಾನ್ ಮತ್ತು ಅನುಮೋದಿತ ಲೇಔಟ್ ನಕ್ಷೆ ನೋಡಿ. ಅಲ್ಲಿ ಆ ಜಾಗ ಉದ್ಯಾನ ಅಂತಿದ್ದರೆ ಪುರಸಭೆಯ ಕೈ ಕಟ್ಟಿದ ಹಾಗೇ. ಮಾಸ್ಟರ್ ಪ್ಲಾನ್‌ನಲ್ಲಿ ಭೂ ಬಳಕೆ ಬದಲಿಸಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಇದೆ. ಅದಕ್ಕೂ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಉದ್ಯಾನ, ಆಟದ ಮೈದಾನ ಉಳಿಸಲೆಂದೇ 1985ರ ಕಾಯ್ದೆ ಬೇರೆ ಇದೆ.

‘ಭವನವೂ ಜನರಿಗೇ ಅಲ್ವಾ?’ ಅಂತ ಸದಸ್ಯರು ಕೇಳಬಹುದು. ಈ ವಾದ ಹಳೆಯದು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕ್‌ಗೆ ಮೀಸಲಿದ್ದ ಜಾಗವನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಆಸ್ಪತ್ರೆಗೆಂದು ಖಾಸಗಿ ಟ್ರಸ್ಟ್‌ಗೆ ಕೊಟ್ಟಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟ್ ಹಂಚಿಕೆ ರದ್ದು ಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಸ್ಪತ್ರೆಗೇ ಸಿಗದ ಜಾಗ ಭವನಕ್ಕೆ ಸುಮ್ನೆ ಸಿಗುತ್ತಾ?

ವಾರ್ಡ್ ಸದಸ್ಯರ ಹತ್ತಿರ ಬಾಯಿಮಾತಲ್ಲಿ ಹೇಳಿದರೆ ಸಾಲದು. ಆರ್‌ಟಿಐ ಹಾಕಿ ಸಭೆಯ ನಡಾವಳಿ, ಲೇಔಟ್ ನಕ್ಷೆ ಎರಡರ ಪ್ರತಿ ಪಡೆಯಿರಿ. ಆಕ್ಷೇಪಣೆಯನ್ನು ಮುಖ್ಯಾಧಿಕಾರಿಗೂ ಯೋಜನಾ ಪ್ರಾಧಿಕಾರಕ್ಕೂ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಟೆಂಡರ್ ಆಗುವ ಮುಂಚೆಯೇ ಕೊಡಿ. ಪಾಯ ತೋಡಿದ ಮೇಲೆ ಓಡಾಟ ಜಾಸ್ತಿ.