ಎರಡು ರೆಕಾರ್ಡಿಂಗ್ ಕೂಡಿಸಿದರೆ ಕೊನೆಗೆ ದನಿ ಎರಡಾಗಿ ಕೇಳುವುದೇಕೆ?

ಸಂಗೀತ ಕಚೇರಿಯಲ್ಲಿ, ವೇದಿಕೆಯ ಮೈಕುಗಳೆಲ್ಲ ಬಂದು ಸೇರುವ ಮಿಕ್ಸರ್‌ನಿಂದ ನೇರವಾಗಿ ತೆಗೆದ ಟ್ರ್ಯಾಕ್ ಒಂದು, ಜನರ ನಡುವೆ ಇಟ್ಟ ರೆಕಾರ್ಡರ್‌ನದು ಇನ್ನೊಂದು. ಮೊದಲ ಹಾಡಿಗೆ ಸರಿಯಾಗಿ ಹೊಂದಿಸಿದ್ದೀರಿ, ಕೊನೆಯ ಹಾಡಿಗೆ ಬರುವಷ್ಟರಲ್ಲಿ ಗಾಯಕರ ದನಿ ಎರಡೆರಡು ಸಲ ಕೇಳುತ್ತಿದೆ. ಇದೇ ಅಲ್ವಾ ನಿಮ್ಮ ಪ್ರಶ್ನೆ?

ಇದು ಗಡಿಯಾರದ ತಕರಾರು. ಎರಡೂ ಸಾಧನ ಸೆಕೆಂಡಿಗೆ 48,000 ಸ್ಯಾಂಪಲ್ (ಅಂದರೆ ಅಷ್ಟು ಸಲ ದನಿಯ ಅಳತೆ) ಅಂತಲೇ ಹೇಳಿಕೊಳ್ಳುತ್ತವೆ. ಆದರೆ ಒಂದರ ಸೆಕೆಂಡು ಇನ್ನೊಂದರದ್ದಕ್ಕಿಂತ ಕೂದಲೆಳೆಯಷ್ಟು ಉದ್ದ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್ ಜಾರುತ್ತದೆ. ಹಾಗಾಗಿ ಶುರುವನ್ನಷ್ಟೇ ಹೊಂದಿಸಿದರೆ ಸಾಲದು.

ನಾನು ಮಿಕ್ಸರ್ ಟ್ರ್ಯಾಕನ್ನು ಮುಟ್ಟುವುದೇ ಇಲ್ಲ. ಎರಡರಲ್ಲೂ ಸ್ಪಷ್ಟವಾಗಿ ಕೇಳುವ ಸ್ನೇರ್ ಡ್ರಮ್ ಏಟು ಶುರುವಿನಲ್ಲೊಂದು, ಕೊನೆಯಲ್ಲೊಂದು ಹುಡುಕುತ್ತೇನೆ. ವೇವ್‌ಫಾರ್ಮ್ (ಪರದೆ ಮೇಲಿನ ದನಿಯ ಅಲೆಚಿತ್ರ) ದೊಡ್ಡದು ಮಾಡಿ, ಅಲೆ ಮೇಲೇಳುವ ಜಾಗದ ಸಮಯ ಬರೆದುಕೊಳ್ಳುತ್ತೇನೆ. ಉದಾಹರಣೆಗೆ ಎರಡು ಏಟುಗಳ ನಡುವೆ ಮಿಕ್ಸರ್‌ನಲ್ಲಿ 5,400.00 ಸೆಕೆಂಡ್, ರೆಕಾರ್ಡರ್‌ನಲ್ಲಿ 5,400.18 ಇದೆ ಅನ್ನಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.0000333. ರೆಕಾರ್ಡರ್ ಟ್ರ್ಯಾಕ್ ಅಷ್ಟು ವೇಗದಲ್ಲಿ ಓಡಬೇಕು. ರೀಪರ್ ಎಂಬ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ಲೇಬ್ಯಾಕ್ ರೇಟ್ ಜಾಗದಲ್ಲಿ ಈ ಸಂಖ್ಯೆ ಹಾಕಿ, ಪಿಚ್ (ಶ್ರುತಿ) ಉಳಿಸುವ ಆಯ್ಕೆಯನ್ನು ತೆಗೆದುಬಿಡಿ. ಅದಿದ್ದರೆ ಡ್ರಮ್ ಏಟಿನ ಮೊನೆ ಮೊಂಡಾಗುತ್ತದೆ. ಇಷ್ಟು ಚಿಕ್ಕ ಪಿಚ್ ಬದಲಾವಣೆ ಯಾರ ಕಿವಿಗೂ ಗೊತ್ತಾಗಲ್ಲ.

ಕೆಲವರು ಪ್ರತಿ ಹಾಡಿಗೂ ಟ್ರ್ಯಾಕ್ ಕತ್ತರಿಸಿ ಸರಿಸುತ್ತಾರೆ. ನನಗದು ಹಿಡಿಸಲ್ಲ. ಉದ್ದದ ಹಾಡಿನೊಳಗೇ ಜಾರಿಕೆ ಮತ್ತೆ ಶುರುವಾಗುತ್ತದೆ, ಚಪ್ಪಾಳೆ ಮಧ್ಯೆ ಸುಮ್ನೆ ಒಂದು ಕುಪ್ಪಳಿಕೆ ಬೇರೆ.

ಆಮೇಲೆ ದೂರದ ಲೆಕ್ಕ. ಶಬ್ದ ಒಂದು ಮೀಟರ್ ದಾಟಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ಬೇಕು. ಸ್ಪೀಕರ್‌ನಿಂದ 20 ಮೀಟರ್ ದೂರದ ರೆಕಾರ್ಡರ್ ಸುಮಾರು 58 ಮಿಲಿಸೆಕೆಂಡ್ ತಡ. ಅದರ ಟ್ರ್ಯಾಕ್ ಅಷ್ಟು ಬೇಗ ಶುರುವಾಗುವಂತೆ ಎಳೆಯಿರಿ, ಆದರೆ ಅಲ್ಲಿಗೇ ಬಿಡಬೇಡಿ. 1 ಮಿಲಿಸೆಕೆಂಡ್ ಉಳಿದರೂ 500, 1,500, 2,500 ಹರ್ಟ್ಸ್ ಹತ್ತಿರ ಎರಡು ದನಿ ಒಂದನ್ನೊಂದು ತಿಂದುಹಾಕುತ್ತವೆ. ಹಾಡು ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಒಂದು ಟ್ರ್ಯಾಕಿನ ಪೊಲಾರಿಟಿ ತಿರುಗಿಸಿ (ಅಂದರೆ ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಮೋನೋದಲ್ಲಿ (ಒಂದೇ ಚಾನೆಲ್‌ಗೆ ಸೇರಿಸಿ) ಕೇಳುತ್ತಾ ಸ್ವಲ್ಪ ಸ್ವಲ್ಪ ಸರಿಸಿ. ಗಾಯಕರ ದನಿ ಎಲ್ಲಿ ತೀರಾ ತೆಳ್ಳಗಾಗುತ್ತದೋ ಅದೇ ಜಾಗ, ಸರಿಯಾಗಿ ಹೊಂದಿದಾಗಲೇ ತಲೆಕೆಳಗಾದ ಅಲೆ ಇನ್ನೊಂದನ್ನು ಅಳಿಸುವುದು. ಪೂರ್ತಿ ಮಾಯವಾಗಲ್ಲ, ಹಾಲ್‌ನ ಅನುರಣನ (ಗೋಡೆಗಳಿಂದ ಮರಳುವ ದನಿ) ಉಳಿದೇ ಇರುತ್ತದೆ. ಪೊಲಾರಿಟಿ ವಾಪಸ್ ತಿರುಗಿಸಲು ಮರೆಯಬೇಡಿ.

ಯಾವ ಟ್ರ್ಯಾಕ್ ಎಷ್ಟು ಜೋರಿರಬೇಕು ಅನ್ನೋದಕ್ಕೆ ಒಂದೇ ಅಳತೆ ಇಲ್ಲ. ಚಿಕ್ಕ ಹಾಲ್‌ನಲ್ಲಿ ಡ್ರಮ್, ಗಿಟಾರ್ ಆಂಪ್ ತಾವಾಗಿಯೇ ಜೋರು. ಹಾಗಾಗಿ ಮಿಕ್ಸರ್‌ನಲ್ಲಿ ಅವು ಕಡಿಮೆ, ಗಾಯನ ಜಾಸ್ತಿ. ಅಲ್ಲಿ ರೆಕಾರ್ಡರ್ ಟ್ರ್ಯಾಕನ್ನು ಧಾರಾಳವಾಗಿ ಏರಿಸಿ. ದೊಡ್ಡ ವೇದಿಕೆಯಾದರೆ ಮಿಕ್ಸರ್ ಮುಂದಿರಲಿ, ರೆಕಾರ್ಡರ್‌ನ 100 ಹರ್ಟ್ಸ್ ಕೆಳಗಿನ ಗುಡುಗು ಕತ್ತರಿಸಿ. ಬಯಲಿನ ಕಚೇರಿಯಾದರೆ ಗಾಳಿ ಮತ್ತು ತಾಪಮಾನದಿಂದ ಶಬ್ದ ತಲುಪುವ ಸಮಯವೇ ಅಲ್ಲಾಡುತ್ತದೆ. ಆಗ ಮಧ್ಯದಲ್ಲೂ ಒಂದೆರಡು ಏಟು ನೋಡಿ, 1 ಮಿಲಿಸೆಕೆಂಡಿಗಿಂತ ಜಾಸ್ತಿ ಜಾರಿದ್ದರೆ ಆ ಭಾಗಕ್ಕೆ ಬೇರೆ ರೇಟ್ ಕೊಡಿ.