ಓದುಗರ ಪ್ರಶ್ನೆ: ಥಿನ್ನರ್ ನೋಡಿ ರಬ್ಬರ್ ಆರಿಸಬೇಕು

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ, ನೇಯ್ದ ಪ್ಲಾಸ್ಟಿಕ್ ಚೀಲಗಳ ಮೇಲೆ ಮುದ್ರಣ ಮಾಡುತ್ತೇವೆ. ಸ್ಟೀರಿಯೊ (ಉಬ್ಬಿದ ಅಕ್ಷರಗಳಿರುವ ರಬ್ಬರಿನ ಅಚ್ಚುಫಲಕ) ಮಾಡಿಕೊಡುವವರು ಈ ಸಲ ನೈಟ್ರೈಲ್ ಎಂಬ ಕೃತಕ ರಬ್ಬರಿಗೆ ನೈಸರ್ಗಿಕ ರಬ್ಬರ್ ಬೆರೆಸಿದ ಶೀಟು ಬಳಸಿದ್ದಾರೆ. ಬೆಲೆ ಕಡಿಮೆ, ಮೊದಲ ದಿನದ ಅಚ್ಚು ಚೊಕ್ಕಟವಾಗಿಯೇ ಬರುತ್ತದೆ. ಆದರೆ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ‘ಕೊಬ್ಬರಿ ಹಿಂಡಿ’ ಎಂಬಲ್ಲಿ ಬಕಾರದ ಒತ್ತು ಶಾಯಿ ತುಂಬಿ ಮುಚ್ಚಿಹೋಗುತ್ತದೆ. ಬೆರಕೆಯದೇ ದೋಷವೇ?
– ಓದುಗರು, ತುಮಕೂರು

ಉತ್ತರ: ದೋಷ ಬೆರಕೆಯೊಂದರದೇ ಅಲ್ಲ; ಆ ಬೆರಕೆಗೂ ನಿಮ್ಮ ಥಿನ್ನರಿಗೂ ಹೊಂದಿಕೆಯಾಗಿಲ್ಲ ಎಂದು ತೋರುತ್ತದೆ. ಶಾಯಿ ತೆಳುವಾಗಿಸಲು ಏನನ್ನು ಸುರಿಯುತ್ತೀರಿ ಎಂಬುದನ್ನು ನೀವು ಬರೆದಿಲ್ಲ, ಉತ್ತರವೆಲ್ಲ ನಿಂತಿರುವುದು ಅದರ ಮೇಲೆಯೇ. ನೀರು ಅಥವಾ ಆಲ್ಕೋಹಾಲ್ ಮಾತ್ರವಾದರೆ ನೈಸರ್ಗಿಕ ರಬ್ಬರ್ ಅಷ್ಟಾಗಿ ಉಬ್ಬುವುದಿಲ್ಲ. ಬೇಗ ಆರಲೆಂದೋ ಹೊಳಪು ಬರಲೆಂದೋ ಟೊಲೂಯಿನ್ ಎಂಬ ದ್ರಾವಕ ಸೇರಿಸಿದ್ದರೆ ನೈಸರ್ಗಿಕ ರಬ್ಬರ್ ಅದನ್ನು ಹೀರಿಕೊಂಡು ದಪ್ಪವಾಗುತ್ತದೆ, ಅಕ್ಷರದ ಅಂಚುಗಳು ಒಳಕ್ಕೂ ಹೊರಕ್ಕೂ ಬೆಳೆಯುತ್ತವೆ. ಒತ್ತಿನೊಳಗಿನ ಖಾಲಿ ಜಾಗ ಕಿರಿದಾದ್ದರಿಂದ ಮೊದಲು ಮುಚ್ಚುವುದು ಅದೇ. ನೈಟ್ರೈಲ್ ಎಂದರೆ ಎಲ್ಲಕ್ಕೂ ಮದ್ದು ಎಂಬ ನಂಬಿಕೆಯೂ ಸರಿಯಲ್ಲ: ಎಣ್ಣೆಯನ್ನು ಅದು ಚೆನ್ನಾಗಿ ತಡೆಯುತ್ತದೆ, ಟೊಲೂಯಿನನ್ನು ನೈಸರ್ಗಿಕ ರಬ್ಬರಿಗಿಂತ ಮೇಲಾಗಿ ತಾಳುತ್ತದೆ, ಆದರೆ ಈಥೈಲ್ ಅಸಿಟೇಟ್, ಕೀಟೋನುಗಳಂಥ ದ್ರಾವಕಗಳಲ್ಲಿ ಅದೇ ಬಹಳ ಉಬ್ಬುತ್ತದೆ.

ಹಾಗಾದರೆ ಬೆರೆಸುವುದೇಕೆ ಎಂದು ನೀವು ಕೇಳಬಹುದು. ಬೆಲೆ ಒಂದು ಕಾರಣ, ಆದರೆ ಅದೊಂದೇ ಅಲ್ಲ. ನೈಸರ್ಗಿಕ ರಬ್ಬರನ್ನು ಎಳೆದಾಗ ಅದರ ಉದ್ದನೆಯ ಅಣುಗಳು ಸಾಲುಗಟ್ಟಿ ಹರಳಿನಂತೆ ಬಿಗಿಯುತ್ತವೆ. ಆದ್ದರಿಂದ ಬಲಕ್ಕೆಂದು ಬೆರೆಸುವ ಪುಡಿ ತುಂಬಿಸದೆಯೂ ಅದು ಗಟ್ಟಿ, ಸುಲಭವಾಗಿ ಹರಿದುಹೋಗುವುದಿಲ್ಲ. ನೈಟ್ರೈಲಿಗೆ ಈ ಗುಣವಿಲ್ಲ. ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಸ್ಟೀರಿಯೊವನ್ನು ಬೇಕಲೈಟ್ ಅಚ್ಚಿನಿಂದ ಬಿಸಿಯಲ್ಲೇ ಸುಲಿಯುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು: ಕೊಂಬು, ದೀರ್ಘ, ಒತ್ತುಗಳ ತುದಿ ಕಿತ್ತುಹೋಗುವುದು ಆ ಒಂದೆಳೆತದಲ್ಲೇ. ನೇಯ್ದ ಚೀಲದ ಮೈ ಒರಟಾದ್ದರಿಂದ ಸವೆತ ತಡೆಯಲೂ ಈ ಗಟ್ಟಿತನ ಬೇಕು.

ಎರಡು ರಬ್ಬರುಗಳು ಮಿಲ್ಲಿನ ರೋಲುಗಳ ನಡುವೆ ಒಂದೇ ಹಾಳೆಯಾಗಿ ಬಂದರೂ ಒಳಗೆ ಪೂರ್ತಿ ಬೆರೆಯುವುದಿಲ್ಲ ಎಂಬುದು ತೊಡಕು. ಒಂದರೊಳಗೆ ಇನ್ನೊಂದು ಸಣ್ಣ ಸಣ್ಣ ತುಣುಕಾಗಿ ಉಳಿಯುತ್ತದೆ. ಬೇಯಿಸಲು, ಅಂದರೆ ಶಾಖದಲ್ಲಿ ರಬ್ಬರನ್ನು ಗಟ್ಟಿಗೊಳಿಸಲು, ಹಾಕಿದ ಗಂಧಕ ಮತ್ತು ವೇಗವರ್ಧಕಗಳು ಸಮನಾಗಿ ಹಂಚಿಕೆಯಾಗದೆ ಒಂದು ಭಾಗ ಹೆಚ್ಚು ಬೆಂದು ಇನ್ನೊಂದು ಹಸಿಯಾಗಿಯೇ ಉಳಿಯಬಹುದು. ಕಡಿಮೆ ಬೆಂದ ರಬ್ಬರ್ ಥಿನ್ನರಿಗೆ ಇನ್ನೂ ಬೇಗ ಸೋಲುತ್ತದೆ. ನನ್ನ ಅಭಿಪ್ರಾಯದಲ್ಲಿ, ಆಲ್ಕೋಹಾಲ್ ಶಾಯಿಗೆ ಈ ಬೆರಕೆ ಒಳ್ಳೆಯ ಆಯ್ಕೆ. ಟೊಲೂಯಿನ್ ಬಿಡಲಾಗದಿದ್ದರೆ ಶೀಟಿನಲ್ಲಿ ಉಳಿಸಿದ ಹಣ ಕೆಟ್ಟ ಚೀಲಗಳಲ್ಲಿ ಹೋಗುತ್ತದೆ.

ಪರೀಕ್ಷೆ ನಿಮ್ಮಲ್ಲೇ ಸಾಧ್ಯ. ಶೀಟಿನ ಅಂಚಿನಿಂದ ಬೆರಳಗಲದ ತುಂಡು ಕತ್ತರಿಸಿ, ಆಭರಣ ತೂಗುವಂಥ ತಕ್ಕಡಿಯಲ್ಲಿ ತೂಗಿ, ದಪ್ಪವನ್ನು ಗೇಜಿನಿಂದ ಅಳೆದು, ನೀವು ನಿತ್ಯ ಬಳಸುವ ಥಿನ್ನರಿನಲ್ಲೇ ಮುಚ್ಚಿದ ಸೀಸೆಯಲ್ಲಿ 24 ಗಂಟೆ ಮುಳುಗಿಸಿಡಿ. ಒರೆಸಿ ಕೂಡಲೇ ಮತ್ತೆ ತೂಗಿ ಅಳೆಯಿರಿ. ಹಳೆಯ ಶೀಟಿನ ತುಂಡನ್ನೂ ಜೊತೆಗಿಟ್ಟರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಪ್ರಶ್ನೆ: ಪಾಲಿಥೀನ್ ಕವರು ಮುದ್ರಿಸುವ ನಮ್ಮ ರಬ್ಬರ್ ಪ್ಲೇಟುಗಳಲ್ಲಿ, ಯಂತ್ರದ ಸಿಲಿಂಡರಿನ ಮೇಲಿರುವಾಗಲೇ, ಅಡ್ಡಡ್ಡ ಸೀಳು ಬೀಳುತ್ತಿದೆ. ಶಾಯಿ ಆಲ್ಕೋಹಾಲಿನದೇ.
– ಓದುಗರು, ಮಾಲೂರು

ಉತ್ತರ: ಇದು ಓಝೋನಿನ ಕೆಲಸ. ಫಿಲ್ಮಿಗೆ ಶಾಯಿ ಹಿಡಿಯಲೆಂದು ಅದರ ಮೈಗೆ ವಿದ್ಯುತ್ ಹಾಯಿಸುವ ಕೊರೋನಾ ಸಂಸ್ಕರಣೆಯಲ್ಲಿ ಓಝೋನ್ ಹುಟ್ಟುತ್ತದೆ; ಅದು ಸಿಲಿಂಡರಿಗೆ ಸುತ್ತಿ ಎಳೆತದಲ್ಲಿರುವ ನೈಸರ್ಗಿಕ ರಬ್ಬರನ್ನು ಎಳೆತಕ್ಕೆ ಅಡ್ಡವಾಗಿ ಸೀಳುತ್ತದೆ. ಓಝೋನನ್ನು ತಾಳುವ ಇಪಿಡಿಎಂ ಎಂಬ ಕೃತಕ ರಬ್ಬರ್ ಸಾಕಷ್ಟು ಬೆರೆಸಿದ ಶೀಟು ಕೇಳಿ. ಓಝೋನನ್ನು ಹೊರಹಾಕುವ ಯಂತ್ರದ ಕೊಳವೆ ಕಟ್ಟಿಕೊಂಡಿದೆಯೇ ನೋಡಿ. ಕೆಲಸ ಮುಗಿದ ಪ್ಲೇಟನ್ನು ಸಿಲಿಂಡರಿನಿಂದ ಬಿಡಿಸಿ ಒರೆಸಿ, ಬಾಗಿಸದೆ ಚಪ್ಪಟೆಯಾಗಿ, ಬಿಸಿಲೂ ಓಝೋನ್ ಹುಟ್ಟಿಸುವ ಮೋಟರಿನ ಕಿಡಿಯೂ ಇಲ್ಲದ ಕೋಣೆಯಲ್ಲಿಡಿ.